ಸೆಪ್ ಹೆಪಲ್‌ನ ಲೀಕ್ ಪಾತಿ

ಸೆಪ್ ಹೆಪಲ್‌ನಂಥ ಸುಳ್ಳುಬುರುಕ ನಮ್ಮ ಊರಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಊರ ಹೆಸರು ಬರೆಯುವುದಿಲ್ಲ, ಉತ್ತರ ಇಂಗ್ಲೆಂಡಿನದು ಅಂತಿಟ್ಟುಕೊಳ್ಳಿ. ಸತ್ತವನ ಬಗ್ಗೆ ಹೀಗೆಲ್ಲ ಬರೆಯಬಾರದು ಅನ್ನುವವರು ಮೊದಲು ತಮ್ಮ ಹಿತ್ತಲು ಅಗೆಸಿಕೊಂಡು ನೋಡಲಿ.

ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ರೈಲು ಹಳಿಯ ಪಕ್ಕದ ಬಾಡಿಗೆ ತೋಟ, ಅದರಲ್ಲಿ ಅಪ್ಪ ಮಾಡಿಟ್ಟ ಒಂದು ಪಾತಿ. ಅದರಲ್ಲಿ ಲೀಕ್ ಬೆಳೆಯುತ್ತಿದ್ದ. ಲೀಕ್ ಈರುಳ್ಳಿಯ ಜಾತಿಯದೇ, ಆದರೆ ಸೆಪ್ ಬೆಳೆದದ್ದು ನನ್ನ ತೋಳಿಗಿಂತ ದಪ್ಪ. ಪ್ರತಿ ಸೆಪ್ಟೆಂಬರಿನಲ್ಲೂ ಊರ ಕ್ಲಬ್ಬಿನ ಲೀಕ್ ಪ್ರದರ್ಶನದ ಮೊದಲ ಬಹುಮಾನ ಅವನಿಗೇ. ಹೆಂಡತಿ ಬಿಟ್ಟುಹೋದಾಗ "ಹೋಗಲಿ ಬಿಡು" ಅಂದ ಮನುಷ್ಯ, ಪಾತಿಯ ಹತ್ತಿರ ನಾಯಿ ಸುಳಿದರೆ ಗುದ್ದಲಿ ಎತ್ತುತ್ತಿದ್ದ. ಗೊಬ್ಬರಕ್ಕೆ ನನ್ನ ಮಾಂಸದಂಗಡಿಯಿಂದಲೇ ರಕ್ತ ಒಯ್ಯುತ್ತಿದ್ದ. ಅದೂ ಬಿಟ್ಟಿ.

ಹೀಗಿರುವಾಗ ಊರಿನ ಇತಿಹಾಸ ಸಂಘಕ್ಕೆ ಸಂತ ಓಸ್ವಿನ್‌ನ ಚಿಕ್ಕ ಇಗರ್ಜಿಯನ್ನು ಹುಡುಕುವ ಹುಚ್ಚು ಹಿಡಿಯಿತು. ಹಿಂದೆ ಯಾವುದೋ ರಾಜನ ಕಡೆಯವರು ಕೆಡವಿದ್ದು. ಎಲ್ಲಿತ್ತೆಂದು ಯಾರಿಗೂ ಗೊತ್ತಿಲ್ಲ. ಅಧ್ಯಕ್ಷೆ ಮಿಸೆಸ್ ಫೆನ್ವಿಕ್ ಬೋರ್‌ವೆಲ್ಲಿಗೆ ನೀರು ನೋಡುವವರ ಹಾಗೆ ಎರಡು ಬಾಗಿದ ತಂತಿ ಹಿಡಿದು ಊರೆಲ್ಲ ಸುತ್ತಿದಳು. ಕಾರು ನಿಲ್ಲಿಸುವ ಮೈದಾನದಲ್ಲಿ ತಂತಿ ಕುಣಿಯಿತು, ಅಗೆದರೆ ಚರಂಡಿ. ತಂತಿ ತೋಟಗಳ ಕಡೆ ತಿರುಗಿದ ದಿನ ಸೆಪ್ ಗೇಟಿನಲ್ಲೇ ತಡೆದ.

"ಇಲ್ಲೇನೂ ಇಲ್ಲ ತಾಯಿ. ಆ ಕಟುಕ ಮಿಲ್ಬರ್ನ್ ಇದಾನಲ್ಲ, ಅವನ ಹಿತ್ತಲಲ್ಲಿ ಕೆತ್ತಿದ ಕಲ್ಲು ಇತ್ತು ಅಂತ ನಮ್ಮಜ್ಜ ಹೇಳೋನು."

ಆ ಕಟುಕ ನಾನೇ. ನಾನು ಆಗಲ್ಲ ಎಂದು ಕೂಗಾಡುವಷ್ಟರಲ್ಲಿ ನನ್ನ ಹೆಂಡತಿ ಅವರಿಗೆಲ್ಲ ಚಹಾ ಕೊಟ್ಟು ಒಪ್ಪಿಬಿಟ್ಟಿದ್ದಳು. ಅಗೆದರು. ಮೂಳೆ ಸಿಕ್ಕಿತು. ಫೆನ್ವಿಕ್ ಕುಣಿದಾಡಿದಳು.

"ಅಮ್ಮಾ, ಅದು ಹಂದಿ ಮೂಳೆ. ನಮ್ಮಪ್ಪ ಬಿಸಾಕಿದ್ದು."

"ಹಂದೀನೇ! ಸನ್ಯಾಸಿಗಳ ಹಬ್ಬದೂಟ, ಮಿಸ್ಟರ್ ಮಿಲ್ಬರ್ನ್!"

ವಾರದೊಳಗೆ ನನ್ನ ಗೋಡೆಗೆ ಫಲಕ ಬಿತ್ತು: ಸಂತ ಓಸ್ವಿನ್‌ನ ಇಗರ್ಜಿ ಇಲ್ಲಿತ್ತು.

ಏಪ್ರನ್ ಕೂಡ ಬಿಚ್ಚದೆ ತೋಟಕ್ಕೆ ನುಗ್ಗಿದೆ. ಸೆಪ್ ಚಪ್ಪಟೆ ಕಲ್ಲೊಂದರ ಮೇಲೆ ಮಂಡಿಯೂರಿ ಕಳೆ ಕೀಳುತ್ತಿದ್ದವನು ಎದ್ದು ಹಿಂದೆ ಸರಿದ. ಸಿಟ್ಟಿಗೆ ಕಲ್ಲನ್ನೇ ಒದ್ದೆ. ಮಗುಚಿಕೊಂಡಿತು. ಕೆಳಗಡೆ ಕೆತ್ತಿದ ಒಂದು ಮುಖ.

"ಏನೋ ಇದು, ಮುದಿಯಾ?"

"ಕಲ್ಲು."

"ಕಲ್ಲಿಗೆ ಮೂಗು ಇರುತ್ತೇನೋ?"

ಆಮೇಲೆ ಕಣ್ಣು ತೆರೆದು ನೋಡಿದೆ. ಪಾತಿಯ ಸುತ್ತ ಒತ್ತಿಟ್ಟದ್ದೆಲ್ಲ ಕೆತ್ತಿದ ಕಂಬದ ತುಂಡುಗಳೇ.

ಮೊದಲ ಸಲ ಸೆಪ್‌ಗೆ ಸುಳ್ಳು ಸಿಗಲಿಲ್ಲ. "ಅಪ್ಪ ಅಗೆಯುವಾಗ ಸಿಕ್ಕಿದ್ದು. ಡಿಕ್, ಆ ಹೆಂಗಸು ಇಲ್ಲಿಗೆ ಕಾಲಿಟ್ರೆ ಅಪ್ಪನ ಮಣ್ಣನ್ನೆಲ್ಲ ಚಮಚದಲ್ಲಿ ತೋಡಿ ಜರಡಿ ಹಿಡೀತಾಳೆ. ನಂಗೆ ಇದು ಬಿಟ್ರೆ ಇನ್ನೇನಿದೆಯೋ?"

"ನನ್ನ ಹಿತ್ತಲು ಹಾಳಾಯ್ತಲ್ಲೋ ಬೇವರ್ಸಿ!"

"ನಿನ್ನ ಹಿತ್ತಲಲ್ಲಿ ಏನು, ಗುಲಾಬಿ ಬೆಳೀತಿತ್ತಾ?"

ಬೈದೆ. ಅವನು ಬಗ್ಗಿ ಆ ಕಲ್ಲನ್ನು ಮತ್ತೆ ಮುಖ ಕೆಳಗಾಗಿ ಮಗುಚಿಟ್ಟ. ಸ್ವಂತ ತಮ್ಮನಿಗೂ ಕೊಡದ ತನ್ನ ಲೀಕ್ ಸಸಿಯೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. ಬಾಯಿ ಮುಚ್ಚಿಕೊಂಡು ಬಂದೆ.

ಅದನ್ನು ಫಲಕದ ಕೆಳಗೇ ನೆಟ್ಟೆ, ಅದೇ ರಕ್ತ ಹೊಯ್ದೆ. ಸೆಪ್ಟೆಂಬರಿಗೆ ಪೆನ್ಸಿಲಿನಷ್ಟೇ ದಪ್ಪವಾಯಿತು. ಸೆಪ್ ಬಂದು ಫಲಕ ನೋಡಿದ, ಲೀಕ್ ನೋಡಿದ.

"ಸಂತನಿಗೆ ನಿನ್ನ ಜಾಗ ಒಗ್ಗಿಲ್ಲ ಬಿಡು."

ಹೋದ ಚಳಿಗಾಲದಲ್ಲಿ ಸತ್ತ. ಮಣ್ಣು ಮಾಡುವಾಗ ಫೆನ್ವಿಕ್ ಕಣ್ಣೊರೆಸಿಕೊಂಡು, "ನಮ್ಮ ಇಗರ್ಜಿ ತೋರಿಸಿಕೊಟ್ಟ ಪುಣ್ಯಾತ್ಮ" ಅಂದಳು. ನಾನು ಒಂದು ಹಿಡಿ ಮಣ್ಣು ಎತ್ತಿ ಹಾಕಿದೆ.

ಈಗ ಆ ಪಾತಿ ನನ್ನ ಹೆಸರಿನಲ್ಲಿದೆ. ಲೀಕ್ ನನ್ನ ಮುಂಗೈಗೆ ಸಮವಾಗಿದೆ, ಪ್ರದರ್ಶನ ಹತ್ತಿರ ಬಂತು. ಮೊನ್ನೆ ಫೆನ್ವಿಕ್ ಗೇಟಿನ ಹತ್ತಿರ ನಿಂತಿದ್ದಳು. ಕೈಯಲ್ಲಿದ್ದ ತಂತಿಗಳು ಹುಚ್ಚು ಹಿಡಿದಂತೆ ಸುತ್ತುತ್ತಿದ್ದವು.

"ಮಿಸ್ಟರ್ ಮಿಲ್ಬರ್ನ್, ಇಲ್ಲೂ ಏನೋ ಇರಬೇಕು ಅನ್ಸುತ್ತೆ..."

ನಾನು ಆ ಚಪ್ಪಟೆ ಕಲ್ಲಿನ ಮೇಲೆ, ಸಂತನ ಬೆನ್ನ ಮೇಲೆ, ಎರಡೂ ಕಾಲು ಊರಿ ನಿಂತೆ.

"ಇಲ್ಲೇನೂ ಇಲ್ಲ ತಾಯಿ," ಅಂದೆ. "ನಮ್ಮ ಗೋಡೆ ಮೇಲೆ ಬರೆದಿಲ್ವೇ?"