ಪುಷ್ಪಮ್ಮ ಕೇಳಬಹುದಾದ ಹಾಡುಗಳು

ಓಲ್ಡ್ ಟೌನಿನ ಹೊನ್ನಯ್ಯ ಮೂವತ್ತು ವರ್ಷದಿಂದ ಭದ್ರಾವತಿಗೆಲ್ಲ ಸದ್ದು ಹಂಚಿದ ಮನುಷ್ಯ. ಮದುವೆ, ನಾಮಕರಣ, ಸಂಘದ ಸಭೆ, ಎಲ್ಲಕ್ಕೂ ಅವನದೇ ಮೈಕ್ ಸೆಟ್. ಅವನ ಮನೆಯಲ್ಲಿ ಮಾತ್ರ ಕುಕ್ಕರ್ ಇಲ್ಲ. ಸೀಟಿ ಹೊಡೆದರೆ ಹೆಂಡತಿ ಪುಷ್ಪಮ್ಮ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾಳೆ, ಅರ್ಧ ಗಂಟೆ ಅವಳ ಕೈ ನಡುಗುತ್ತದೆ. ಹಾಗಾಗಿ ಅನ್ನ ಇವತ್ತಿಗೂ ಪಾತ್ರೆಯಲ್ಲೇ ಬೇಯುತ್ತದೆ. ಗಂಜಿ ಬಸಿಯುವುದು ಹೊನ್ನಯ್ಯನ ಕೆಲಸ.

ಶಿವಮೊಗ್ಗದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಕಿವೀಲಿ ಏನೂ ದೋಷ ಇಲ್ಲ. ಕೆಲವರಿಗೆ ಸದ್ದು ಹೆಚ್ಚು ತಾಗತ್ತೆ, ಅಷ್ಟೇ" ಎಂದಿದ್ದರು. "ಇಷ್ಟು ಹೇಳಕ್ಕೆ ಇಷ್ಟೊಂದು ಮಿಷನ್ ಬೇಕಿತ್ತಾ?" ಎಂದು ಹೊನ್ನಯ್ಯ ಅಲ್ಲೇ ಜಗಳ ತೆಗೆದಿದ್ದ.

ಇಂಥ ತಾಯಿಗೆ ಹುಟ್ಟಿದ ಗಗನಾ ಡ್ರಮ್ ಬಾರಿಸುತ್ತಾಳೆ. ಶಿವಮೊಗ್ಗದಲ್ಲಿ ಎಂ.ಕಾಂ ಓದುತ್ತಾ, ಗೆಳೆಯರ ಜೊತೆ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದಾಳೆ. ಎರಡು ವರ್ಷವಾಯಿತು, ಮಗಳು ಬಾರಿಸುವುದನ್ನು ಪುಷ್ಪಮ್ಮ ಒಂದು ಸಲವೂ ಕೇಳಿಲ್ಲ. ಫೋನಿನಲ್ಲಿ ಸದ್ದು ಪೂರ್ತಿ ಇಳಿಸಿ ವಿಡಿಯೋ ನೋಡುತ್ತಾಳೆ. "ಕೈ ಆಡೋದು ಚೆಂದ ಕಾಣತ್ತೆ ಕಣೇ" ಅನ್ನುತ್ತಾಳೆ. ಗಗನಾ ನಗುತ್ತಾಳೆ, ಆಮೇಲೆ ತಲೆ ತಗ್ಗಿಸಿ ಊಟ ಮಾಡುತ್ತಾಳೆ.

ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಶಿವಮೊಗ್ಗದ ದುರ್ಗಿಗುಡಿಯ ಒಂದು ಸಭಾಭವನದಲ್ಲಿ ಬ್ಯಾಂಡಿನ ಕಾರ್ಯಕ್ರಮ ಎಂದು ಗೊತ್ತಾದಾಗ ಪುಷ್ಪಮ್ಮ, "ಈ ಸಲ ನಾನೂ ಬರ್ತೀನಿ" ಎಂದಳು.

"ನೀನಾ? ಅವರ ಸದ್ದಿಗೆ ಗೋಡೆ ಸುಣ್ಣ ಉದುರತ್ತೆ ಮಾರಾಯ್ತಿ!" ಎಂದ ಹೊನ್ನಯ್ಯ.

"ಉದುರ್ಲಿ. ಬಾರಿಸೋದು ನನ್ನ ಮಗಳು. ಯಾವ ಹಾಡು ತಡ್ಕೋಬಹುದು, ಯಾವುದಕ್ಕೆ ಎದ್ದು ಹೊರಗೆ ಹೋಗ್ಬೇಕು, ಅಷ್ಟು ಹೇಳಿ ಸಾಕು. ಇಷ್ಟು ವರ್ಷ ಮೈಕ್ ಕಟ್ಟಿದೀರಲ್ಲ, ಅಷ್ಟೂ ಗೊತ್ತಾಗಲ್ವಾ?"

ಆ ಕೊನೆಯ ಮಾತು ಹೊನ್ನಯ್ಯನಿಗೆ ನಾಟಿತು.

ಶನಿವಾರ ಬೆಳಿಗ್ಗೆ ಅವನು ಬ್ಯಾಂಡಿನ ಏಳೂ ಹಾಡುಗಳ ರೆಕಾರ್ಡಿಂಗ್ ತರಿಸಿಕೊಂಡ. ತನ್ನ ಮೈಕ್ ಅಂಗಡಿಯಲ್ಲಿ ದೊಡ್ಡ ಸ್ಪೀಕರ್ ಬಾಕ್ಸನ್ನು ಅಂಗಾತ ಮಲಗಿಸಿ, ಅದರ ಮೇಲೆ ಸ್ಟೀಲ್ ತಟ್ಟೆ ಇಟ್ಟು, ತಟ್ಟೆಯ ತುಂಬ ಮಂಡಕ್ಕಿ ಹರಡಿದ. ಸದ್ದು ಎಷ್ಟು ಗುದ್ದುತ್ತದೆ ಎಂದು ತಿಳಿಯಲು ಅವನ ಹಳೆಯ ಉಪಾಯ ಅದು. ಮಂಡಕ್ಕಿ ಅಲುಗಿದರೆ ಮನೆಯೊಳಗಿನ ಕಾರ್ಯಕ್ರಮಕ್ಕೆ ಸರಿ, ಕುಣಿದರೆ ಬಯಲಿಗೆ ಸರಿ, ಹಾರಿದರೆ ಪಕ್ಕದ ಬೀದಿಯವರು ಬಂದು ಬೈಯುವುದು ಖಂಡಿತ.

ಎರಡನೇ ಹಾಡಿಗೆ ಅರ್ಧ ತಟ್ಟೆ ನೆಲಕ್ಕೆ ಬಿತ್ತು. ಕ್ಯಾಲೆಂಡರ್ ಹಾಳೆಯ ಹಿಂದೆ "ಬೇಡವೇ ಬೇಡ" ಎಂದು ಬರೆದುಕೊಂಡ. ಐದನೇ ಹಾಡಿಗೆ ಮಂಡಕ್ಕಿ ಹೆಚ್ಚುಕಮ್ಮಿ ಮಲಗಿಯೇ ಇತ್ತು. ಹಾಡು ನಿಂತ ಕೂಡಲೇ ಬಂದ್ ಮಾಡಿ, "ಪುಷ್ಪ ಆರಾಮಾಗಿ ಕೂರಬಹುದು" ಎಂದು ಬರೆದ.

ಗಗನಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಅಪ್ಪಾ, ಮಂಡಕ್ಕಿಗೆ ಕಿವಿ ಇಲ್ಲ ಅಲ್ವಾ?"

"ನಿಮ್ಮ ಬ್ಯಾಂಡಿಗೂ ಇಲ್ಲ. ಸುಮ್ನಿರು."

ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿ ಪುಷ್ಪಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಸಣ್ಣ ಬಾಕ್ಸಿಗೆ ಆ ಐದನೇ ಹಾಡನ್ನೇ ಹಾಕಿದ. ಹಾಡುವ ಹುಡುಗ ವಸಂತ್ ಮೆಲ್ಲಗೆ ಹಾಡುತ್ತಿದ್ದ, ಗಿಟಾರ್ ಮೆಲ್ಲಗೆ ಜೊತೆಗಿತ್ತು. ಪುಷ್ಪಮ್ಮನ ಮುಖ ಸಡಿಲವಾಯಿತು. ಹೊನ್ನಯ್ಯ ಮಗಳ ಕಡೆ ನೋಡಿ ಹುಬ್ಬು ಹಾರಿಸಿದ. ಹಾಡು ಮುಗಿಯಿತು ಎನ್ನುವಂತೆ ನಿಂತಿತು. ನಿಶ್ಶಬ್ದ. ಆಮೇಲೆ ಡ್ರಮ್ಮು, ಅದರ ಜೊತೆಯ ಕಂಚಿನ ತಟ್ಟೆ ಎರಡೂ ಒಟ್ಟಿಗೆ ಧಡಾರನೆ ಬಿದ್ದವು.

ಬೆಂಕಿ ತಾಗಿದವಳ ಹಾಗೆ ಪುಷ್ಪಮ್ಮ ಎದ್ದು ಹಿತ್ತಲಿಗೆ ಓಡಿದಳು. ಕುರ್ಚಿ ಉರುಳಿಬಿತ್ತು.

"ಹಾಡು ಮಾಡಿದೀರೋ, ಬಾಂಬ್ ಹೂತಿಟ್ಟಿದೀರೋ? ಯಾವನು ಇದನ್ನ ಹಿಂಗೆ ಮಾಡಿದ್ದು?" ಹೊನ್ನಯ್ಯ ಕಿರುಚಿದ.

"ನಾನೇ ಅಪ್ಪ. ಎಲ್ಲರೂ ಮೈಮರೆತು ಕೂತಿರ್ತಾರೆ, ಆಗ ಬೀಳ್ಬೇಕು ಅಂತ."

"ಬಿತ್ತಲ್ಲ, ನಿಮ್ಮಮ್ಮನ ತಲೆ ಮೇಲೆ! ಆ ಹಾಡೇ ಬೇಡ. ಆ ವಸಂತನ ನಂಬರ್ ಕೊಡು."

ಗಗನಾಳ ಕಣ್ಣು ತುಂಬಿತು. ಅಷ್ಟರಲ್ಲಿ ಪುಷ್ಪಮ್ಮ ಮುಖ ತೊಳೆದುಕೊಂಡು ಒಳಗೆ ಬಂದಳು. "ಫೋನು ಇಡಿ. ಹುಡುಗಿದೇನೂ ತಪ್ಪಿಲ್ಲ, ನಿಮ್ಮ ಮಂಡಕ್ಕಿದು ತಪ್ಪು. ಎರಡನೇದು ಹಾಕಿ."

"ಅದು ತಟ್ಟೆ ಖಾಲಿ ಮಾಡಿದ್ದು!"

"ಹಾಕಿ ಅಂದೆ."

ಹೊನ್ನಯ್ಯ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಹಾಕಿದ. ಹಾಡು ಡ್ರಮ್ಮಿನಿಂದಲೇ ಶುರುವಾಗಿ ನಾಲ್ಕು ನಿಮಿಷ ಎಡೆಬಿಡದೆ ಬಡಿಯಿತು. ಪುಷ್ಪಮ್ಮ ಕಣ್ಣು ಮುಚ್ಚಿದಳು, ಕಿವಿ ಮುಚ್ಚಲಿಲ್ಲ. ಮೂರನೇ ನಿಮಿಷಕ್ಕೆ ಅವಳ ಕಾಲಿನ ಹೆಬ್ಬೆರಳು ನೆಲಕ್ಕೆ ತಾಳ ಹಾಕತೊಡಗಿತು.

"ಇದು ನಮ್ಮಪ್ಪನ ಮನೆ ಪಕ್ಕದ ಅಕ್ಕಿ ಗಿರಣಿ ಥರ" ಎಂದಳು. "ಶುರುವಾದ್ರೆ ಶುರು. ಅದರ ಪಕ್ಕದಲ್ಲೇ ನಿದ್ದೆ ಮಾಡಿ ಬೆಳೆದೋಳು ನಾನು. ಜೋರಿದ್ರೆ ಹೆಂಗೋ ಆಗತ್ತೆ ರೀ. ಹೇಳ್ದೆ ಕೇಳ್ದೆ ಬಂದು ಬೀಳತ್ತಲ್ಲ, ಅದು ಆಗಲ್ಲ."

"ಹಂಗಾದ್ರೆ ನಾನು ಇಷ್ಟು ವರ್ಷ ಕೂಗಾಡಿದ್ದು?"

"ನೀವು ಕೂಗೋಕೆ ಮುಂಚೆ ಮೂಗು ಕೆಂಪಾಗತ್ತಲ್ಲ. ಅದು ಕಂಡ ಕೂಡ್ಲೆ ನಾನು ತಯಾರಾಗ್ತೀನಿ."

ಗಗನಾ ಕಣ್ಣೊರೆಸಿಕೊಳ್ಳುತ್ತಲೇ ಪಕಪಕ ನಕ್ಕಳು. ಹೊನ್ನಯ್ಯ ಮೂಗು ಮುಟ್ಟಿ ನೋಡಿಕೊಂಡ.

ಸದ್ದು ಅಂದರೆ ಜೋರು, ಇಲ್ಲವೇ ಮೆಲ್ಲಗೆ, ಅಷ್ಟೇ ಎಂದು ಅವನು ಮೂವತ್ತು ವರ್ಷ ನಂಬಿದ್ದ. ಸಂಜೆತನಕ ಕೂತು ಏಳೂ ಹಾಡನ್ನು ಮೂರು ಮೂರು ಸಲ ಕೇಳಿ ಹೊಸ ಪಟ್ಟಿ ಬರೆದ. "ಮೂರನೇದು: ಕಿವಿಗಿಂತ ಎದೆಗೆ ಹೆಚ್ಚು ಗುದ್ದುತ್ತದೆ, ಬಾಕ್ಸಿನಿಂದ ದೂರ ಕೂರುವುದು. ಐದನೇದು: 'ಬಾ' ಅಂತ ಮೂರು ಸಲ ಹಾಡಿ ನಿಲ್ಲಿಸುತ್ತಾರೆ, ನಾಲ್ಕು ಎಣಿಸು, ಬೀಳುತ್ತದೆ. ಆರನೇದು: ಗಿಟಾರ್ ಚಾಕು ಮಸೆದ ಹಾಗೆ ಕೀರಿಡುತ್ತದೆ, ಎಲ್ಲಿ ಅಂತ ಹೇಳಲಾಗುವುದಿಲ್ಲ."

"ಆರನೇದಕ್ಕೆ ನಾನು ಹೊರಗೆ ಕಾಫಿ ಕುಡೀತೀನಿ" ಎಂದಳು ಪುಷ್ಪಮ್ಮ.

ಭಾನುವಾರ ಅವಳು ಒಂಬತ್ತನೇ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು. ಕಿವಿಯಲ್ಲಿ ಹತ್ತಿ, ಕೈಯಲ್ಲಿ ಪಟ್ಟಿ. ಅವತ್ತಿನ ಮೈಕ್ ಸೆಟ್ ಹೊನ್ನಯ್ಯನದೇ. ಸದ್ದು ಏರಿಳಿಸುವ ಮಿಕ್ಸರ್ ಹಿಂದೆ ನಿಂತಿದ್ದರೂ ಅವನು ವೇದಿಕೆಯ ಕಡೆ ನೋಡಲೇ ಇಲ್ಲ, ಹೆಂಡತಿಯನ್ನೇ ನೋಡುತ್ತಿದ್ದ. ನಾಲ್ಕು ಹಾಡು ದಾಟಿದವು. ಐದನೇದರಲ್ಲಿ ವಸಂತ್ ಮೂರನೇ 'ಬಾ' ಹಾಡಿ ನಿಲ್ಲಿಸಿದ.

ಪುಷ್ಪಮ್ಮ ಮುಖದ ಮಟ್ಟಕ್ಕೆ ಕೈ ಎತ್ತಿ ಬೆರಳು ಮಡಚತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಸದ್ದು ಬೀಳಲಿಲ್ಲ. ಪಟ್ಟಿ ತಪ್ಪಿತೇ ಎಂದು ಹೊನ್ನಯ್ಯ ಮಿಕ್ಸರ್ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಆಗ ಬಿತ್ತು.

ಅವಳ ಭುಜ ಹಾರಿತು. ಆದರೆ ಏಳಲಿಲ್ಲ. ಕುರ್ಚಿಯ ಅಂಚನ್ನು ಹಿಡಿದು, ಕಣ್ಣು ಮಿಟುಕಿಸದೆ ಮಗಳ ಕೈಗಳನ್ನೇ ನೋಡುತ್ತಾ, ಹಾಡು ಮುಗಿಯುವತನಕ ಕೂತಳು. ಆರನೇದಕ್ಕೆ ಎದ್ದು ಹೋಗಿ ಕಾಫಿ ಕುಡಿದು ಏಳನೇದಕ್ಕೆ ಬಂದಳು.

ಕಾರ್ಯಕ್ರಮ ಮುಗಿದಾಗ ಪಕ್ಕದ ಕುರ್ಚಿಯ ಯಶೋಧರಾ ಎಂಬ ಟೀಚರು, "ಅಮ್ಮಾ, ಆ ಹಾಳೇದೊಂದು ಫೋಟೋ ತಗೊಳ್ಲಾ? ನನ್ನ ತಂಗಿಗೂ ಹಿಂಗೇ, ಎಲ್ಲೂ ಬರೋದೇ ಇಲ್ಲ ಅವಳು" ಎಂದು ಕೇಳಿದರು. ಈಗ ಬ್ಯಾಂಡಿನ ಪ್ರತಿ ಕಾರ್ಯಕ್ರಮಕ್ಕೂ ಹೊನ್ನಯ್ಯ ಪಟ್ಟಿ ಬರೆದು ಬಾಗಿಲಿಗೆ ಅಂಟಿಸುತ್ತಾನೆ. ಅಕ್ಷರ ತಪ್ಪಿದೆ ಎಂದು ಯಾರಾದರೂ ತಿದ್ದಲು ಬಂದರೆ ಮೂಗು ಕೆಂಪಾಗುತ್ತದೆ.

ಅವತ್ತು ಗಗನಾ ಬೆವರು ಒರೆಸಿಕೊಳ್ಳುತ್ತಾ ವೇದಿಕೆಯಿಂದ ನೇರ ತಾಯಿಯ ಹತ್ತಿರ ಬಂದು ನಿಂತಳು.

ಪುಷ್ಪಮ್ಮ ಕಿವಿಯ ಹತ್ತಿ ತೆಗೆದಳು. "ಐದನೇ ಹಾಡಲ್ಲಿ ನಾಲ್ಕಕ್ಕೆ ಬೀಳ್ಲಿಲ್ವಲ್ಲೇ. ತಡ ಮಾಡ್ದೆ ನೀನು."

"ನಿನ್ನ ಬೆರಳು ನೋಡ್ತಿದ್ದೆ ಅಮ್ಮ" ಎಂದಳು ಗಗನಾ. "ನಾಲ್ಕೂ ಮಡಚಲಿ ಅಂತ ಕಾಯ್ದೆ."