ದಪ್ಪ ಪಿನ್ನಿನ ಅನ್ಯಾಯ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಮ್ಮ ಕ್ಲಾಸಿನಲ್ಲೂ ಯಾರೂ ನಂಬಲಿಲ್ಲ. ಆದರೂ ಹೇಳುತ್ತೇನೆ: ನಾವಿರುವ ತಮಿಳು ಬಡಾವಣೆ ವೆಸ್ಟ್ ಮಾಂಬಲಂ ಕಂಡ ಅತ್ಯಂತ ಬಲಿಷ್ಠ ಗೇಮಿಂಗ್ ಕಂಪ್ಯೂಟರನ್ನು ನಾನು ನನ್ನ ಕೈಯಾರೆ ಕಟ್ಟಿದೆ. ಅದನ್ನು ಸೋಲಿಸಿದ್ದು ಇಡ್ಲಿ ಹಿಟ್ಟು.

ಬೇಸಿಗೆ ರಜೆಯನ್ನೆಲ್ಲ ಬಿಡಿಭಾಗಗಳ ಹೊಂದಾಣಿಕೆ ನೋಡುವುದಕ್ಕೇ ಸುರಿದಿದ್ದೆ. ಪ್ರೊಸೆಸರಿನ ಅಡಿಗೂ ಮದರ್‌ಬೋರ್ಡಿನಲ್ಲಿ ಅದು ಕೂರುವ ಜಾಗಕ್ಕೂ ಸರಿಹೋಗಬೇಕು. ರ‍್ಯಾಮ್ ಹೊಸ ತಲೆಮಾರಿನದಾದರೆ ಹಳೆಯ ಬೋರ್ಡಿನೊಳಗೆ ಇಳಿಯುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡಂತೂ ನಮ್ಮ ಬಾಲ್ಕನಿಗಿಂತ ಒಂದಂಗುಲ ಗಿಡ್ಡ, ಅಷ್ಟೆ. ಅದು ಹಿಡಿಸುವಂಥ ಕ್ಯಾಬಿನೆಟ್ಟಿಗಾಗಿ ಸ್ಕೇಲು ಹಿಡಿದು ಅಂಗಡಿ ಅಂಗಡಿ ಅಳೆದೆ. ಹೊಂದಾಣಿಕೆ ಪರೀಕ್ಷಿಸುವ ವೆಬ್‌ಸೈಟಿನಲ್ಲಿ ಎಲ್ಲವನ್ನೂ ತುಂಬಿಸಿದರೆ ಎಲ್ಲದರ ಮುಂದೆಯೂ ಹಸಿರು ಟಿಕ್. ಇವಕ್ಕೆಲ್ಲ ಕರೆಂಟು ಹಂಚುವ ಪವರ್ ಸಪ್ಲೈಗೂ ಹಸಿರು ಟಿಕ್. ಅದನ್ನು ಬೇಕಾದ್ದಕ್ಕಿಂತ ದೊಡ್ಡದೇ ತಂದಿದ್ದೆ. ನನ್ನ ಬೆಂಚಿನವನ ಹತ್ತಿರ ಇರುವುದಕ್ಕಿಂತ ಚಿಕ್ಕದನ್ನು ಇಟ್ಟುಕೊಂಡು ಮನುಷ್ಯ ಬದುಕುವುದು ಹೇಗೆ?

ಅಪ್ಪನಿಗೆ ಹಸಿರು ಟಿಕ್ ಸಾಲಲಿಲ್ಲ. ಆ ಭಾನುವಾರ ಅಮ್ಮನನ್ನು ಟಿ. ನಗರಕ್ಕೆ ಕರೆದುಕೊಂಡು ಹೊರಟವನು ಚಪ್ಪಲಿ ಮೆಟ್ಟುತ್ತಲೇ ಷರತ್ತು ಹಾಕಿದ.

"ನಾವು ವಾಪಸ್ ಬರೋಷ್ಟ್ರಲ್ಲಿ ಅದು ಓಡ್ತಿರ್ಬೇಕು. ಇಲ್ಲಾಂದ್ರೆ ನಿಮ್ಮ ದೊಡ್ಡಪ್ಪನ ಮಗನಿಗೆ ಫೋನ್ ಮಾಡ್ತೀನಿ. ಇಂಜಿನಿಯರಿಂಗ್ ಓದ್ತಿದಾನೆ, ಅವನೇ ಜೋಡಿಸ್ಕೋತಾನೆ. ನಿನ್ನ ಪಬ್ಲಿಕ್ ಎಕ್ಸಾಮ್ ಮುಗಿಯೋವರ್ಗೂ ಅವನ ಹಾಸ್ಟೆಲ್ಲಲ್ಲೇ ಇರ್ಲಿ."

"ಅಪ್ಪಾ, ಅದು ನಂದು!"

"ಓಡಿದ್ರೆ ನಿಂದು."

ಯಾರ ಕೈಗೆ ಎಂದು ಸ್ವಲ್ಪ ಯೋಚಿಸಿ! ಪೆನ್‌ಡ್ರೈವನ್ನು ತಲೆಕೆಳಗಾಗಿ ತುರುಕಲು ಹೋಗಿ, ಹೋಗದಿದ್ದಾಗ "ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿದೆ ಚಿಕ್ಕಪ್ಪಾ" ಎಂದ ಮಹಾನುಭಾವನ ಕೈಗೆ.

ಮಧ್ಯಾಹ್ನವೆಲ್ಲ ಉಸಿರು ಬಿಗಿಹಿಡಿದು ಜೋಡಿಸಿದೆ. ಪ್ರತಿಯೊಂದು ಭಾಗವೂ ಟಕ್ಕೆಂದು ಕೂತಿತು. ಒಂದೇ ಒಂದು ಸ್ಕ್ರೂ ಉಳಿಯಲಿಲ್ಲ. ಸರಿ, ನಾಲ್ಕು ಉಳಿದವು, ಆದರೆ ಅವು ಕಂಪನಿಯವರೇ ಪ್ರೀತಿಯಿಂದ ಹೆಚ್ಚಿಗೆ ಕೊಟ್ಟದ್ದು. ಕೊನೆಗೆ ಕರೆಂಟಿನ ವೈರು ಬಿಚ್ಚಿದೆ. ಅದರ ತುದಿಯ ಪ್ಲಗ್ ನೋಡಿದೆ. ಪಿನ್ನುಗಳೇ ಅವು? ಹಸು ಕಟ್ಟುವ ಗೂಟಗಳು! ನನ್ನ ರೂಮಿನ ಗೋಡೆಯಲ್ಲಿರುವುದು ಮೊಬೈಲ್ ಚಾರ್ಜರಿನ ಸಣ್ಣ ತೂತು.

ಇದು ನ್ಯಾಯವೇ? ನೂರಾರು ಭಾಗಗಳ ಜಾತಕವನ್ನೆಲ್ಲ ಬಲ್ಲ ಆ ವೆಬ್‌ಸೈಟು, "ಮಗೂ, ನಿಮ್ಮ ಮನೆಯ ಗೋಡೆ ಹೇಗಿದೆ?" ಎಂದು ಒಂದು ಮಾತು ಕೇಳಬಾರದಿತ್ತೇ? ಅಂಗಡಿಯವನಾದರೂ ಹೇಳಬಾರದಿತ್ತೇ? ಮಾನಿಟರಿನ ವೈರು ತಂದು ನೋಡಿದೆ, ಅದರ ಬಾಯಿಯೇ ಬೇರೆ. ನಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಗೆ ಭಾನುವಾರ ಶಟರ್.

ದಪ್ಪ ಪಿನ್ ಹಿಡಿಸುವ ಸಾಕೆಟ್ ನಮ್ಮ ಮನೆಯಲ್ಲಿ ಮೂರೇ. ಒಂದು ಎ.ಸಿ.ಯದು, ಸೂರಿನ ಹತ್ತಿರ, ಹಲ್ಲಿಗಳಿಗೆ ಅನುಕೂಲವಾಗುವಂತೆ. ಇನ್ನೊಂದು ಗೀಸರಿನದು, ಬಚ್ಚಲಲ್ಲಿ. ಮೂರನೆಯದು ಅಡುಗೆಮನೆಯಲ್ಲಿ, ಗ್ರೈಂಡರಿನದು. ನನ್ನಂಥ ಪ್ರತಿಭಾವಂತನಿಗೆ ಚಾರ್ಜರಿನ ತೂತು, ಉದ್ದಿನಬೇಳೆಗೆ ರಾಜಮರ್ಯಾದೆ!

ಭಾನುವಾರ ಸಂಜೆ ನಮ್ಮಲ್ಲಿ ವಾರದ ಹಿಟ್ಟು ರುಬ್ಬುವ ಹೊತ್ತು. ಅಜ್ಜಿ ಮಣೆ ಹಾಕಿಕೊಂಡು ಗ್ರೈಂಡರಿನ ಪಕ್ಕ ಕೂತಿದ್ದಳು. ನಾನು ಕ್ಯಾಬಿನೆಟ್ಟನ್ನು ತಬ್ಬಿಕೊಂಡು ಬಾಗಿಲಲ್ಲಿ ನಿಂತೆ.

"ಅಜ್ಜೀ, ಪ್ಲೀಸ್, ಅಂಜೇ ನಿಮಿಷ, ಐದೇ ಐದು, ಆ ಪ್ಲಗ್ ಕೊಡು."

"ಉದ್ದು ಅರ್ಧ ಆಗಿದೆ ಕಣೋ. ಈಗ ನಿಲ್ಸಿದ್ರೆ ಹಿಟ್ಟು ಉಬ್ಬಲ್ಲ."

"ನಿಲ್ಸದಿದ್ರೆ ನನ್ನ ಕಂಪ್ಯೂಟರ್ ಹಾಸ್ಟೆಲ್‌ಗೆ ಹೋಗತ್ತೆ!"

"ಹೋಗ್ಲಿ ಬಿಡು, ಅದಾದ್ರೂ ಓದ್ಲಿ."

ಒಂದು ತಿಂಗಳು ಗ್ರೈಂಡರಿನ ಕಲ್ಲು ನಾನೇ ತೊಳೆಯುತ್ತೇನೆಂದು ಮಾತು ಕೊಟ್ಟೆ. ಅಜ್ಜಿ ಕರಗಿದಳು. ಕರಗಿದ ಮೇಲೆ ಕ್ಯಾಬಿನೆಟ್ಟನ್ನು ಮೇಲಿಂದ ಕೆಳಗೆ ನೋಡಿದಳು.

"ಮಡೀಲಿ ಅಡುಗೆ ಮಾಡೋ ಜಾಗ ಇದು. ಆ ಪೆಟ್ಟಿಗೆ ಸ್ನಾನ ಆಗಿದ್ಯೇನೋ?"

ಕೇಳಿದ್ದಷ್ಟೇ ಅಲ್ಲ, ಪ್ರೋಕ್ಷಣೆ ಮಾಡಲು ಚೊಂಬಿಗೆ ಕೈ ಅದ್ದಿಯೂಬಿಟ್ಟಳು.

"ಅಯ್ಯೋ ನೀರು ಬೇಡಾ! ಡಮಾರ್ ಅಂತ ವೆಡಿಚ್ಚಿಡುತ್ತೆ!"

ಕೊನೆಗೆ ರಾಜಿಯಾಯಿತು. ಕಂಪ್ಯೂಟರಿನ ಪಾಲಿನ ನೀರೂ ನನ್ನ ತಲೆಗೇ ಬಿತ್ತು. ಅದರ ಪಾಲು ನನ್ನದಕ್ಕಿಂತ ಜಾಸ್ತಿಯೇ ಇತ್ತು.

ಮೈ ಒರೆಸಿಕೊಂಡು, ಮಾನಿಟರನ್ನು ಅಕ್ಕಿ ಡಬ್ಬದ ಮೇಲೆ ನಿಲ್ಲಿಸಿ ಮಿಕ್ಸಿಯ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿದೆ. ಗ್ರೈಂಡರಿನ ಪ್ಲಗ್ ಕಿತ್ತು ನನ್ನದನ್ನು ಒತ್ತಿದೆ. ಎಂಥ ಹೊಂದಾಣಿಕೆ! ಸ್ವಿಚ್ ಹಾಕಿದೆ. ಫ್ಯಾನುಗಳು ತಿರುಗಿದವು, ಗಾಜಿನೊಳಗೆ ಕೆಂಪು ನೀಲಿ ಹಸಿರು ಓಡಾಡಿದವು, ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು.

"ವಡಪಳನಿ ಕೋವಿಲ್ ಸೀರಿಯಲ್ ಲೈಟ್ ಹಾಗಿದ್ಯಲ್ಲೋ!" ಎಂದು ಅಜ್ಜಿ ದೇವರ ಮುಂದೆ ನಿಂತವಳಂತೆ ಹಿಟ್ಟಿನ ಕೈಯಲ್ಲೇ ಕೆನ್ನೆ ತಟ್ಟಿಕೊಂಡಳು. ನನ್ನ ಕಣ್ಣು ಒದ್ದೆಯಾಗಿತ್ತು. ಪ್ರೋಕ್ಷಣೆಯ ನೀರು, ಬೇರೇನಲ್ಲ.

ಆಗ ಅಡುಗೆಮನೆಯ ಬಾಗಿಲಲ್ಲಿ ಅಮ್ಮ.

ಅಕ್ಕಿ ಡಬ್ಬವನ್ನು ನೋಡಿದಳು, ನಿಂತ ಕಲ್ಲನ್ನು ನೋಡಿದಳು, ಚೀಲಗಳನ್ನು ಕೆಳಗಿಟ್ಟಳು, ನನ್ನ ಪ್ಲಗ್ ಕಿತ್ತು ಗ್ರೈಂಡರಿನದನ್ನು ಸಿಕ್ಕಿಸಿದಳು. ಪರದೆ ಕಪ್ಪಾಯಿತು. ಅವಳ ಹಿಂದೆಯೇ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ ಅಪ್ಪನಿಗೆ ಕಂಡದ್ದು ಆ ಕಪ್ಪು ಮಾತ್ರ.

"ಓಡ್ತೋ?"

"ಓಡ್ತಿತ್ತು! ಈಗ, ಈಗ್ಲೇ ಓಡ್ತಿತ್ತು! ಅಮ್ಮ ಕಿತ್ತಾಕಿದ್ಲು!"

"ನಿನ್ನ ರೂಮಲ್ಲಿ ಓಡತ್ತಾ?"

ನಾನು ಅಜ್ಜಿಯ ಕಡೆ ತಿರುಗಿದೆ.

"ಅಜ್ಜೀನ ಕೇಳು! ಅಜ್ಜೀ, ನೀನು ನೋಡ್ದೆ ತಾನೆ? ಹೇಳು!"

"ನಾನು ಕನ್ನಡಕ ಹಾಕ್ಕೊಂಡಿರ್ಲಿಲ್ಲಪ್ಪಾ," ಎಂದಳು ಅಜ್ಜಿ, ಅಮ್ಮನ ಮುಖವನ್ನೊಮ್ಮೆ ನೋಡಿ. "ಏನೋ ಬಣ್ಣ ಬಣ್ಣ ಕಾಣ್ತು. ಕಲ್ಲು ತೊಳೀತೀನಿ ಅಂದಿದ್ದು ಮಾತ್ರ ಚೆನ್ನಾಗಿ ಕೇಳಿಸ್ತು."

ಅಪ್ಪ ಜೇಬಿನಿಂದ ಫೋನ್ ತೆಗೆದು ದೊಡ್ಡಪ್ಪನ ಮಗನ ನಂಬರ್ ಹುಡುಕತೊಡಗಿದ. ನಾನು ನನ್ನ ವಾದ ಶುರುಮಾಡಿದೆ. ಅಮ್ಮ ಗ್ರೈಂಡರಿನ ಸ್ವಿಚ್ ಹಾಕಿದಳು; ಅದರ ಗಡಗಡದಲ್ಲಿ ನನ್ನ ವಾದ ಮುಳುಗಿಹೋಯಿತು.