ನಾನು ಮುಚ್ಚಿಸಿದ ಹಗೇವು

ಜೆಸಿಬಿಯ ಹಲ್ಲು ಮೂರನೆಯ ಸಲ ನೆಲ ಕಚ್ಚಿದಾಗ ಆ ವಾಸನೆ ಎದ್ದಿತು. ಹಳೆಯ ರಾಗಿಹುಲ್ಲು, ಬಿಸಿಲು ಕಾಣದ ಮಣ್ಣು, ಎಂದೋ ಬಿಸಿಯೇರಿ ಎಂದೋ ತಣ್ಣಗಾದ ಧಾನ್ಯ, ಎಲ್ಲವೂ ಬೆರೆತ ಮುಗ್ಗಲು ಘಾಟು. ಹರದನಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ನನ್ನ ತಮ್ಮ ಕುಮಾರ ನೀರಿನ ಸಂಪಿಗೆಂದು ಗುಂಡಿ ತೋಡಿಸುತ್ತಿದ್ದ. ಅವತ್ತು ಭಾನುವಾರ, ಸ್ಕೂಲಿಗೆ ರಜ, ನಾನೂ ಗುಂಡ್ಲುಪೇಟೆಯಿಂದ ಬಂದಿದ್ದೆ. ಒಂದು ಚಪ್ಪಡಿ ಎರಡು ಹೋಳಾಗಿ ಒಳಕ್ಕೆ ಕುಸಿಯಿತು. ಅದರ ಕೆಳಗೆ ಒಬ್ಬ ತೆಳ್ಳನೆಯ ಮನುಷ್ಯ ಇಳಿಯಬಹುದಾದಷ್ಟು ಕಪ್ಪು ಬಾಯಿ ಕಂಡಿತು. ಜೆಸಿಬಿ ಹುಡುಗ ಎಂಜಿನ್ ಆಫ್ ಮಾಡಿ, "ನಿಧಿಗಿಧಿ ಇದ್ದದಾ ನೋಡಿ ಅಕ್ಕಾ" ಎಂದು ನಕ್ಕ. ಕುಮಾರ ಬಗ್ಗಿ ನೋಡಿ, "ಹಳೇ ಬಾವಿಯಾಕ್ಕ ಇದು?" ಎಂದ. ಅವನಿಗೆ ಹೇಗೆ ಗೊತ್ತಾಗಬೇಕು, ಅದು ಮುಚ್ಚಿದ ಮೇಲೆ ಹುಟ್ಟಿದವನು. ಹಿತ್ತಲ ಬಾಗಿಲ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ, ಅಪ್ಪನ ತಂಗಿ, ಕೈ ನಿಲ್ಲಿಸಿದಳು. ಅವಳಿಗೂ ವಾಸನೆ ತಲುಪಿತ್ತು. ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಸುಮ್ಮನೆ ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಆ ಹಗೇವನ್ನು ಮುಚ್ಚಿಸಿದವಳು ನಾನು. ಅತ್ತೆಗೆ ಅದು ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಲವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವಳೂ ನಾನೇ.

ಹಗೇವು ಅಂದರೆ ನನ್ನ ಶಾಲೆಯ ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ನಿಮಗೆ ನೆನಪಿದ್ದರೂ ಇದ್ದೀತು. ನೆಲದೊಳಗೆ ಗುಡಾಣದಂತೆ ಅಗೆದ ರಾಗಿಯ ಕಣಜ ಅದು. ಮೇಲೆ ಕಿರಿದಾದ ಕುತ್ತಿಗೆ, ಒಳಗೆ ಮನುಷ್ಯ ಎದ್ದು ನಿಂತು ಕೈ ಚಾಚಬಹುದಾದಷ್ಟು ಹೊಟ್ಟೆ. ಸುತ್ತಲೂ ರಾಗಿಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಕೆಸರು ಮೆತ್ತಿಬಿಟ್ಟರೆ ಹುಳ ಇಲ್ಲ, ಇಲಿ ಇಲ್ಲ, ವರ್ಷಗಟ್ಟಲೆ ರಾಗಿ ಹಾಗೇ ಇರುತ್ತಿತ್ತು. ಕಳ್ಳರ ಭಯಕ್ಕೆ ನಮ್ಮ ತಾತ ನಮ್ಮ ಹಗೇವಿನ ಕುತ್ತಿಗೆಯನ್ನು ಊರಿನಲ್ಲೇ ಎಲ್ಲಕ್ಕಿಂತ ಚಿಕ್ಕದಾಗಿ ಮಾಡಿಸಿದ್ದನಂತೆ. ಮಕ್ಕಳಾದ ನಮಗೆ ಅದು ಬರೀ ಕಣಜವಾಗಿರಲಿಲ್ಲ. ಊರಿನ ಎಲ್ಲ ಹಗೇವುಗಳೂ ಕೆಳಗೆ ಒಂದಕ್ಕೊಂದು ಸೇರಿಕೊಂಡಿವೆ, ಅಲ್ಲಿಂದ ಸುರಂಗ ಹಿಡಿದರೆ ಮೈಸೂರಿನ ಅರಮನೆಗೇ ಹೋಗಬಹುದು ಎಂದು ನಾನು ನಂಬಿದ್ದೆ, ಪಕ್ಕದ ಮನೆಯ ಹುಡುಗಿಯರಿಗೂ ನಂಬಿಸಿದ್ದೆ. ಹಿತ್ತಲಲ್ಲಿ ಓಡಾಡುವಾಗ ಕಾಲ ಕೆಳಗೆ ಇನ್ನೊಂದು ಮನೆ ಇದೆ, ಅಲ್ಲೂ ಯಾರೋ ಒಲೆ ಹಚ್ಚಿದ್ದಾರೆ ಅನ್ನಿಸುತ್ತಿತ್ತು. ಆ ಭ್ರಮೆ ಇನ್ನೂ ಪೂರ್ತಿ ಹೋಗಿಲ್ಲ ನೋಡಿ. ಗುಂಡ್ಲುಪೇಟೆಯ ರಸ್ತೆಯಲ್ಲಿ ಚರಂಡಿಯ ಕಬ್ಬಿಣದ ಮುಚ್ಚಳ ಕಂಡರೆ ಇವತ್ತಿಗೂ ಅದರ ಮೇಲೆ ಕಾಲಿಡದೆ ಬಳಸಿಕೊಂಡು ಹೋಗುತ್ತೇನೆ, ಜೊತೆಗಿದ್ದ ಟೀಚರುಗಳು ನಗುತ್ತಾರೆ.

ಅತ್ತೆಯ ಹೆಸರು ಸುಂದ್ರಮ್ಮಣ್ಣಿ. ಪುಣಜನೂರಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಒಂದು ಬಟ್ಟೆಗಂಟು ಹಿಡಿದು, ಒಬ್ಬಳೇ ಬಸ್ಸಿನಿಂದ ಇಳಿದು ಬಂದಳು. ಯಾಕೆ ಅಂತ ಯಾರಿಗೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ವಾಪಸು ಹೋಗು ಎಂದು ಅಪ್ಪ ಹೇಳಿದ, ಬೇಡಿದ, ಕಡೆಗೆ ನೆಂಟರೆಲ್ಲ ಕೂತಿದ್ದಾಗ ರೇಗಿ, "ಇನ್ ಮ್ಯಾಕೆ ನಿಂಗೂ ನಂಗೂ ಮಾತಿಲ್ಲ" ಅಂದುಬಿಟ್ಟ. ಅತ್ತೆ, "ಬ್ಯಾಡ ಬುಡು" ಅಂದಳು. ಅಷ್ಟೇ ನಡೆದದ್ದು. ಆಮೇಲೆ ಇಬ್ಬರೂ ಒಂದೇ ಸೂರಿನ ಕೆಳಗೆ ಬದುಕಿದರು, ಒಂದೇ ಒಲೆಯ ಮುದ್ದೆ ಉಂಡರು, ಮಾತು ಮಾತ್ರ ಇಲ್ಲ. ಅಪ್ಪನ ಕಾಫಿ ಜಗಲಿಯ ಮೂಲೆಯಲ್ಲಿ ಬಿಸಿಯಾಗಿ ಬಂದು ಕೂತಿರುತ್ತಿತ್ತು, ತಂದಿಟ್ಟವಳು ಕಾಣುತ್ತಿರಲಿಲ್ಲ. ಸಂತೇಮರಹಳ್ಳಿ ಸಂತೆಯಿಂದ ಅಪ್ಪ ಅತ್ತೆಗೆ ಇಷ್ಟವಾದ ಚಿಗುರು ವೀಳ್ಯದೆಲೆಯನ್ನೇ ಆರಿಸಿ ತಂದು, "ಮಡಗು, ಒಳಗೆ ಬೇಕಾದೋರು ಆಕೊಳ್ಳಿ" ಎಂದು ನಮ್ಮವ್ವನ ಕೈಗೆ ಕೊಡುತ್ತಿದ್ದ. ಎಂಥ ಹಠಮಾರಿ ಜನ ಅಂತೀರಾ. ನನಗೂ ಅದೇ ರಕ್ತ, ಬೈಯುವ ಹಾಗೂ ಇಲ್ಲ.

ಹಗೇವು ತೆಗೆಯುವ ದಿನ ಮಾತ್ರ ಬೇರೆ. ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ, ಹಾಗೇ ಇಳಿದವರು ಮೇಲೆ ಬರುವುದಿಲ್ಲ. ಅದಕ್ಕೇ ಹಿಂದಿನ ದಿನವೇ ಚಪ್ಪಡಿ ಸರಿಸಿ, ಬೇವಿನ ಸೊಪ್ಪು ಬೀಸಿ ಗಾಳಿ ಆಡಿಸಿ, ಮರುದಿನ ಬೆಳಿಗ್ಗೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು. ಅಪ್ಪನ ಭುಜ ಆ ಕುತ್ತಿಗೆಯಲ್ಲಿ ತೂರುತ್ತಿರಲಿಲ್ಲ. ಬೇರೆಯವರನ್ನು ಇಳಿಸಲು ಅವನಿಗೆ ಮನಸ್ಸಿಲ್ಲ. ಹುಡುಗಿಯಾಗಿದ್ದಾಗಿನಿಂದ ಇಳಿದು ಅಭ್ಯಾಸವಾಗಿದ್ದ ಅತ್ತೆಯೇ ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಿದ್ದಳು. ಹಗ್ಗ ಹಿಡಿದವನು ಮೇಲಿನಿಂದ ಹೆಸರು ಹಿಡಿದು ಕರೆಯುತ್ತಲೇ ಇರಬೇಕು, ಕೆಳಗಿದ್ದವರು ಓಗೊಡುತ್ತಲೇ ಇರಬೇಕು. ದನಿ ನಿಂತರೆ ತಕ್ಷಣ ಹಗ್ಗ ಎಳೆಯಬೇಕು. ಇದು ತಾತ ಹಾಕಿಕೊಟ್ಟ ಪದ್ಧತಿ. ಅದನ್ನು ಮೀರುವ ಧೈರ್ಯ ಅಪ್ಪನಿಗೂ ಇರಲಿಲ್ಲ, ಅತ್ತೆಗೂ ಇರಲಿಲ್ಲ. ಹಗೇವಿನ ಬಾಯಿಗೆ ಬಗ್ಗಿ ಅಪ್ಪ, "ಸುಂದ್ರೀ" ಅನ್ನುತ್ತಿದ್ದ. ನೆಲದೊಳಗಿನಿಂದ "ಓ" ಬರುತ್ತಿತ್ತು. ವರ್ಷಪೂರ್ತಿ ಕೇಳದ ಆ ಹೆಸರು ಅಪ್ಪನ ಬಾಯಲ್ಲಿ ಕೇಳಿದಾಗ ಮನೆಯ ಹೆಂಗಸರು ಕೇರುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಮೊದಮೊದಲು ಅಷ್ಟೇ ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಕರೆಯ ಹಿಂದೆ ಒಂದೊಂದೇ ಮಾತು ಸೇರಿಕೊಂಡಿತ್ತು. "ರಾಗಿ ಎಂಗದ?" "ಚೆನ್ನಾಗದ ಕಣಣ್ಣ." "ತಳ ತ್ಯಾವ ಇಡ್ದಿದ್ದದಾ?" "ಇಲ್ಲ, ಬೆಚ್ಚಗದ." ಇನ್ನೊಂದು ವರ್ಷ, "ಕೆಮ್ಮು ವಾಸಿಯಾಯ್ತಾ?" ಎಂದು ಅಪ್ಪ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅತ್ತೆಗೆ ಕೆಮ್ಮಿದ್ದದ್ದು ಮಳೆಗಾಲದಲ್ಲಿ, ಹಗೇವು ತೆಗೆದದ್ದು ಬೇಸಗೆಯಲ್ಲಿ. ಅಷ್ಟು ತಿಂಗಳು ಆ ಪ್ರಶ್ನೆಯನ್ನು ಎಲ್ಲಿಟ್ಟುಕೊಂಡಿದ್ದನೋ. ಅತ್ತೆ ವರ್ಷದಿಂದ ವರ್ಷಕ್ಕೆ ಒಳಗೆ ಹೆಚ್ಚು ಹೊತ್ತು ಇರತೊಡಗಿದಳು. ದೊಡ್ಡ ಕುಕ್ಕೆ ಬಿಟ್ಟು ಚಿಕ್ಕ ಕುಕ್ಕೆ ಕೇಳಿದಳು. ಅರ್ಧರ್ಧ ತುಂಬಿ ಮೇಲೆ ಕಳಿಸಿದಳು. ಅಪ್ಪ ಅವಸರ ಮಾಡಲಿಲ್ಲ. ಇದೆಲ್ಲ ಏನು ಅಂತ ಈಗ ನನಗೆ ತಿಳಿಯುತ್ತದೆ. ಆಗ ನನಗೆ ಒಂಬತ್ತು ವರ್ಷ. ನನಗೆ ಕಂಡದ್ದು ಒಂದೇ, ಅತ್ತೆ ಬೇಗ ಮೇಲೆ ಬರುತ್ತಿಲ್ಲ, ಆ ಗುಂಡಿ ಅವಳನ್ನು ಬಿಡುತ್ತಿಲ್ಲ.

ಆ ವರ್ಷ ಅಪ್ಪ "ಸುಂದ್ರೀ" ಎಂದು ಕರೆದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದ. ಇಲ್ಲ. ಮೂರನೆಯ ಸಲ ಅವನು ಕರೆದ ದನಿ ನಮ್ಮ ಅಪ್ಪನದಾಗಿರಲಿಲ್ಲ, ಯಾವುದೋ ಹುಡುಗ ತಂಗಿಯನ್ನು ಜಾತ್ರೆಯಲ್ಲಿ ಕಳೆದುಕೊಂಡು ಕೂಗಿದ ಹಾಗಿತ್ತು. ಹಗ್ಗ ಎಳೆಯಲು ಕೈ ಹಾಕಿದ, ಅಷ್ಟರಲ್ಲಿ ಕೆಳಗಿನಿಂದ ಮೆಲ್ಲಗೆ "ಓ" ಬಂತು. ಮೇಲೆ ಬಂದ ಅತ್ತೆಯ ಕಣ್ಣು ಒದ್ದೆಯಾಗಿತ್ತು. "ದೂಳು ಕಣಮ್ಮಿ" ಎಂದು ನನಗೆ ಹೇಳಿ ಸೆರಗಿನಲ್ಲಿ ಒರೆಸಿಕೊಂಡಳು. ಬೇಕೆಂದೇ ಸುಮ್ಮನಿದ್ದಳು, ಇನ್ನೊಂದು ಸಲ ಕರೆಯಲಿ ಅಂತ ಸುಮ್ಮನಿದ್ದಳು. ಒಂಬತ್ತು ವರ್ಷದ ಹುಡುಗಿಗೆ ಅದು ಹೇಗೆ ಹೊಳೆಯಬೇಕು ಹೇಳಿ. ನನಗೆ ಚಳಿಜ್ವರ ಬಂತು. ಜ್ವರ ಬಿಟ್ಟ ಮೇಲೂ ತಟ್ಟೆಯ ಮುಂದೆ ಕೂತು ಮುದ್ದೆ ಮುಟ್ಟಲಿಲ್ಲ. ಅತ್ತೆಯನ್ನು ಇನ್ನು ಆ ಗುಂಡಿಗೆ ಇಳಿಸಿದರೆ ನಾನು ಊಟವೇ ಮಾಡುವುದಿಲ್ಲ ಎಂದು ಅಪ್ಪನ ಹತ್ತಿರ ಹಟ ಹಿಡಿದೆ. ಎರಡು ದಿನ ಹಾಗೇ ಇದ್ದೆ. ಮೂರನೆಯ ದಿನ ಮಧ್ಯಾಹ್ನ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮುದ್ದೆ ಮುರಿದು ಬಾಯಿಗಿಟ್ಟು, "ಉಣ್ಣಮ್ಮಿ, ಮುಚ್ಚುಸ್ಬುಡ್ತೀನಿ. ಅವಳು ಒಳಗೋದ್ರೆ ನಂಗೂ ಪ್ರಾಣ ನಿಲ್ಲದಿಲ್ಲ" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಾ ಇಂಗಂದೆ ಅಂತ ಅತ್ತೆಗೆ ಏಳ್ಬ್ಯಾಡ" ಅಂದ. ಹೂಂ ಅಂದೆ. ಅಪ್ಪ ನನ್ನೊಬ್ಬಳಿಗೇ ಹೇಳಿದ ಗುಟ್ಟು ಅಂತ ಒಳಗೊಳಗೇ ಬೀಗಿದೆ ಬೇರೆ.

ಮುಂದಿನ ಸುಗ್ಗಿಗೆ ಮನೆಗೆ ತಗಡಿನ ಡ್ರಮ್ಮುಗಳು ಬಂದವು. ಅಪ್ಪ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆಸಿದ. ಅತ್ತೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಯಾರನ್ನೂ ಏನೂ ಕೇಳಲಿಲ್ಲ. ಆವತ್ತಿನ ಕಾಫಿ ಜಗಲಿಗೆ ಬಂತು, ತಣ್ಣಗಿತ್ತು. ಅಪ್ಪ ಅದನ್ನೇ ಕುಡಿದ. ಆಮೇಲೆ ಆ ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ನಾನು ದೊಡ್ಡವಳಾದೆ, ಟಿಸಿಎಚ್ ಓದಿ ಟೀಚರಾದೆ, ಮದುವೆಯಾಗಿ ಗುಂಡ್ಲುಪೇಟೆಗೆ ಹೋದೆ, ನಮ್ಮವ್ವ ತೀರಿಕೊಂಡಳು, ಅಣ್ಣತಂಗಿ ಇಬ್ಬರೂ ಮುದುಕರಾದರು. ಯಾವ ವರ್ಷವೋ ಯುಗಾದಿಗೆ ಊರಿಗೆ ಬಂದಾಗ, ಒಬ್ಬರು ಜಗಲಿಯಲ್ಲಿ, ಒಬ್ಬರು ಹಿತ್ತಲಲ್ಲಿ ಕೂತದ್ದನ್ನು ನೋಡುತ್ತ ನನಗೆ ಥಟ್ಟನೆ ಅರ್ಥವಾಯಿತು. ಈ ಮನೆಯಲ್ಲಿ ಇವರಿಬ್ಬರಿಗೆ ಮಾತಾಡಲು ಇದ್ದದ್ದು ಅದೊಂದೇ ಜಾಗ, ಅದನ್ನು ಮುಚ್ಚಿಸಿದ್ದು ನಾನು. ಅವತ್ತೇ ಹೇಳಿಬಿಡಬೇಕಿತ್ತು. ಹೋಳಿಗೆ ತಿಂದು ಸಂಜೆಯ ಬಸ್ಸು ಹತ್ತಿದೆ. ನಾಳೆ ಹೇಳಿದರಾಯಿತು ಎಂದು ಎಷ್ಟು ಸಲ ಅಂದುಕೊಂಡೆನೋ. ಮೈ ಪರಚಿಕೊಳ್ಳುವ ಹಾಗಾಗುತ್ತದೆ ಈಗ.

ಅಪ್ಪ ಹೋಗಿ ಎರಡು ವರ್ಷವಾಯಿತು. ನಮ್ಮಲ್ಲಿ ಮಣ್ಣಿಗಿಡುವುದು. ತೋಟದ ಬದಿಯಲ್ಲಿ ಗುಣಿ ತೆಗೆದು, ವಿಭೂತಿ ಹಚ್ಚಿ, ಅಪ್ಪನನ್ನು ಅದರೊಳಗೆ ಕೂರಿಸಿದರು. ಎಲ್ಲರೂ ಬಿಲ್ವಪತ್ರೆ ಹಾಕಿದರು, ಅತ್ತೆ ದೂರದಲ್ಲಿ ಹೊಂಗೆಮರದ ಕೆಳಗೆ ನಿಂತಿದ್ದಳು. ಕರೆಯಲು ಹೋದೆ. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. "ವರ್ಷಕ್ಕೊಂದಪ ನನ್ ಎಸ್ರಿಡ್ದು ಕರೀಬೇಕಾಯ್ತದಲ್ಲ ಅಂತ ಅಗೇವ್ನೇ ಮುಚ್ಚುಸ್ದೋನು ಅಂವ. ನನ್ ಪಾಲ್ಗೆ ಅವತ್ತೇ ಸತ್ತ. ಈಗೇನು ಅಳದು, ನಡಿ" ಅಂದಳು. ಕೇಳಿಸಿಕೊಂಡೆ. ನಿಜ ಬಾಯಿಯವರೆಗೂ ಬಂತು. ಸುತ್ತ ಜನ, ಅಪ್ಪನಿಗೆ ಕೊಟ್ಟ ಮಾತು, ನನ್ನ ಹೇಡಿತನ, ಯಾವುದನ್ನು ಬೇಕಾದರೂ ನೆಪ ಅನ್ನಿ. ನುಂಗಿಕೊಂಡೆ.

ಹಗೇವಿನ ಬಾಯಿ ಕಂಡ ಆ ಭಾನುವಾರ ಕುಮಾರ ಜೆಸಿಬಿ ಹುಡುಗನನ್ನು ಕರೆದುಕೊಂಡು ಟೀ ಕುಡಿಯಲು ಹೋದ. ಹಿತ್ತಲಲ್ಲಿ ನಾವಿಬ್ಬರೇ ಉಳಿದೆವು. ಅತ್ತೆಯ ಕಾಲ ಬಳಿ ಕೂತು, ಅವರೆಕಾಯಿ ಬುಟ್ಟಿ ನನ್ನ ಕಡೆ ಎಳೆದುಕೊಂಡು, ತಲೆ ಎತ್ತದೆ ಎಲ್ಲ ಹೇಳಿದೆ. ಜ್ವರ, ಹಟ, ಮುದ್ದೆ, ತೊಡೆ, ಅಪ್ಪ ಅಂದದ್ದು. ಅತ್ತೆ ಬೈಯುತ್ತಾಳೆ, ಇಲ್ಲ ತಲೆ ಸವರುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಏನಂದ? ಅಂವ ಅಂದಂಗೇ ಏಳು" ಅಂದಳು.

"ಅವಳು ಒಳಗೋದ್ರೆ ನಂಗೂ ಪ್ರಾಣ ನಿಲ್ಲದಿಲ್ಲ ಅಂದ."

"ಇನ್ನೊಂದಪ ಏಳು."

ಇನ್ನೊಂದು ಸಲ ಹೇಳಿದೆ. ಅತ್ತೆ ತುಟಿಯಲ್ಲೇ ಅದನ್ನು ಅಂದುಕೊಂಡಳು. ಗುಂಡಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಅಂವನ್ನ ಮಣ್ಗಿಡೋವಾಗ ಏಳಿದ್ರೆ ಒಂದ್ ಗಳ್ಗೆ ಅತ್ಬುಡ್ತಿದ್ದೆ ಕಣಮ್ಮಿ" ಅಂದಳು. "ಒಡಹುಟ್ಟಿದೋನು ಸತ್ರೂ ಅಳ್ನಿಲ್ಲ ಅಂತ ಊರೋರೆಲ್ಲ ಆಡ್ಕೊಂಡ್ರು. ಈಗ ನೋಡು, ಅಳದಾ ಅಂದ್ರೂ ಬರದಿಲ್ಲ."

ಹೇಳಿ, ಮೊಣಕಾಲಿಗೆ ಕೈ ಊರಿ ಎದ್ದು, ಸುಲಿದ ಕಾಳನ್ನು ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು.